ಚಂದ್ರನಿಗೆ 615 ಕೋಟಿ, ನಮ್ಮೂರಿಗೆ ಎಂತ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ "ರಾಕೆಟ್ ಬಿಡೋದ್ರಿಂದ ಜನರ ಕಷ್ಟ ಕಮ್ಮಿ ಆಗ್ತದಾ? ನಿಮ್ಮ ಪ್ರಶ್ನೆ ಕಳಿಸಿ" ಅಂತ ಹಾಕಿದ್ವಿ. ಬಂದ ಪತ್ರ, ವಾಟ್ಸಾಪ್ ಮೆಸೇಜಲ್ಲಿ ಹೆಚ್ಚಿನವು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದ ತನಕದ ಕರಾವಳಿಯವು, ಉಳಿದದ್ದು ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಜೋಯಿಡಾ ಕಡೆಯವು. ಬೈದವರೇ ಜಾಸ್ತಿ, ಇರ್ಲಿ, ಬೈಯೋರು ಇದ್ರೇ ಈ ಪುಟ ನಡೀತದೆ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ, ಹೆಸರು ಬೇಡ ಅಂತ ಕೆಲವರು ಹೇಳಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಚಂದ್ರಯಾನ-3 ಇಳಿಯೋದನ್ನ ಶಾಲೆಯಲ್ಲಿ ಮಕ್ಕಳಿಗೆ ತೋರಿಸಿದ್ವಿ, ಎಲ್ಲರೂ ಚಪ್ಪಾಳೆ ಹೊಡೆದ್ರು. ಮರುದಿನ ಒಬ್ಬ ಹುಡುಗ ಕೇಳಿದ, "ಸರ್, ನಮ್ಮೂರಿಗೆ ಬಸ್ಸೇ ಬರೋದಿಲ್ಲ, ಚಂದ್ರನಿಗೆ ಹೋಗೋದು ಎಂತಕ್ಕೆ?" ಹಸಿವು, ಕಾಯಿಲೆ, ನಿರುದ್ಯೋಗ ಎಲ್ಲ ಇರುವಾಗ ಬಾಹ್ಯಾಕಾಶಕ್ಕೆ ದುಡ್ಡು ಸುರಿಯೋದು ನ್ಯಾಯವಾ?
– ಪ್ರೌಢಶಾಲೆ ಶಿಕ್ಷಕರು, ಕುಮಟಾ ತಾಲೂಕು

ಮೇಷ್ಟ್ರೇ, ಆ ಹುಡುಗ ಕೇಳಿದ್ದು ಸರಿಯಾಗೇ ಇದೆ, ಅವನಿಗೆ "ದೇಶದ ಹೆಮ್ಮೆ" ಅಂತ ಹೇಳಿ ಕೂರಿಸಬೇಡಿ. ಮೊದ್ಲು ದುಡ್ಡಿನ ಲೆಕ್ಕ ನೋಡುವ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ಕೇಂದ್ರದ ಬಾಹ್ಯಾಕಾಶ ಇಲಾಖೆಗೆ 2025-26ರ ಬಜೆಟ್ಟಲ್ಲಿ ಇಟ್ಟದ್ದು ಸುಮಾರು 13,416 ಕೋಟಿ, ಅದೇ ವರ್ಷದ ಒಟ್ಟೂ ಬಜೆಟ್ 50 ಲಕ್ಷ ಕೋಟಿ ದಾಟಿದ್ದು. ಅಂದ್ರೆ ಸರ್ಕಾರ ಖರ್ಚು ಮಾಡೋ ಪ್ರತಿ ನೂರು ರೂಪಾಯಿಲಿ 26-27 ಪೈಸೆ ಇಸ್ರೋ ಕಡೆ ಹೋಗ್ತದೆ. ಈ 27 ಪೈಸೆ ಉಳಿಸಿದ್ರೆ ನಿಮ್ಮೂರಿಗೆ ಬಸ್ ಬರ್ತದೆ ಅಂತ ನಂಗೆ ನಂಬಿಕೆ ಇಲ್ಲ, ಯಾಕಂದ್ರೆ ಬಸ್ ಬರದೇ ಇರೋದು ದುಡ್ಡಿಲ್ಲದೆ ಅಲ್ಲ, ಆ ರೂಟಿಗೆ ಬಸ್ ಬಿಡಬೇಕು ಅಂತ ಯಾರಿಗೂ ಅನ್ಸದೇ ಇರೋದ್ರಿಂದ. ಉಳಿದ 99 ರೂಪಾಯಿ 73 ಪೈಸೆಗೆ ಏನಾಯ್ತು ಅಂತ ಕೇಳೋದಕ್ಕೆ ಅವನಿಗೆ ಪೂರ್ತಿ ಹಕ್ಕಿದೆ, ಅದನ್ನೂ ಹೇಳಿಕೊಡಿ.

ಆದ್ರೆ ಇಷ್ಟಕ್ಕೇ ನಾನು ಇಸ್ರೋ ವಕೀಲ ಆಗೋದಿಲ್ಲ. ಬಾಹ್ಯಾಕಾಶ ಅಂತ ನಾವು ಒಂದೇ ಚೀಲಕ್ಕೆ ತುಂಬಿಸೋದ್ರಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಮೇಲಿಂದ ಕೆಳಗೆ ಭೂಮಿ ಕಡೆ ನೋಡೋದು: ಮಳೆ, ಸಮುದ್ರ, ಬೆಳೆ, ಕಾಡು, ದಾರಿ, ಸಂದೇಶ. ಇನ್ನೊಂದು, ಮೇಲಿಂದ ಇನ್ನೂ ಮೇಲಕ್ಕೆ ಹೋಗೋದು: ಚಂದ್ರ, ಮಂಗಳ, ಮನುಷ್ಯರನ್ನ ಕಳಿಸೋ ಗಗನಯಾನ. ಮೊದಲನೇದು ಹೊಟ್ಟೆಪಾಡಿಗೆ ನೇರ ಸಂಬಂಧಪಟ್ಟದ್ದು. ಎರಡನೇದು ಜ್ಞಾನಕ್ಕೆ, ಸಾಹಸಕ್ಕೆ, ಸ್ವಲ್ಪ ಪ್ರತಿಷ್ಠೆಗೂ. ನನ್ನ ತಕರಾರು ಇರೋದು ಮೊದಲನೇದರ ಲಾಭ ತೋರಿಸಿ ಎರಡನೇದಕ್ಕೆ ದುಡ್ಡು ಕೇಳ್ತಾರಲ್ಲ, ಅಲ್ಲಿ. ಗಗನಯಾನಕ್ಕೆ 2018ರಲ್ಲಿ ಸುಮಾರು 9,000 ಕೋಟಿ ಅಂದಿದ್ರು, 2024ರಲ್ಲಿ ಕೆಲಸ ವಿಸ್ತಾರ ಮಾಡಿ 20,193 ಕೋಟಿ ಮಾಡಿದ್ರು. ಮಾಡ್ಲಿ, ನಂಗೂ ನೋಡೋ ಆಸೆ ಇದೆ, ಆದ್ರೆ ಅದ್ರಿಂದ ಮೀನುಗಾರರಿಗೆ ಉಪಕಾರ ಆಗ್ತದೆ ಅಂತ ಮಾತ್ರ ಹೇಳಬಾರದು.

ನಮ್ಮ ದೇಶದ ಬಾಹ್ಯಾಕಾಶ ಕೆಲಸ ಶುರು ಮಾಡಿದ ವಿಕ್ರಂ ಸಾರಾಭಾಯಿ ಅವರು 1960ರ ದಶಕದಲ್ಲೇ ಈ ಗೆರೆ ಎಳೆದಿದ್ರು. ಚಂದ್ರನಿಗೆ, ಗ್ರಹಗಳಿಗೆ ಹೋಗೋದ್ರಲ್ಲಿ, ಮನುಷ್ಯರನ್ನ ಕಳಿಸೋದ್ರಲ್ಲಿ ಶ್ರೀಮಂತ ದೇಶಗಳ ಜೊತೆ ಪೈಪೋಟಿ ಮಾಡೋ ಭ್ರಮೆ ನಮಗಿಲ್ಲ, ಜನರ ನಿಜವಾದ ಸಮಸ್ಯೆಗೆ ದೊಡ್ಡ ತಂತ್ರಜ್ಞಾನ ಬಳಸೋದ್ರಲ್ಲಿ ನಾವು ಯಾರಿಗೂ ಕಮ್ಮಿ ಆಗಬಾರದು ಅನ್ನೋ ಅರ್ಥದಲ್ಲಿ ಮಾತಾಡಿದ್ರು. 1975ರಲ್ಲಿ ಅಮೆರಿಕದ ಒಂದು ಉಪಗ್ರಹ ಎರವಲು ತಗೊಂಡು 6 ರಾಜ್ಯಗಳ 2,400 ಹಳ್ಳಿಗೆ ಟಿವಿ ಪಾಠ ಕಳಿಸಿದ್ರು, ಅದ್ರಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ವು. ಅದೇ ವರ್ಷ ಹೋದ ಆರ್ಯಭಟ ಉಪಗ್ರಹ ಕಟ್ಟಿಸಿದವರು ನಮ್ಮ ಪಕ್ಕದ ಉಡುಪಿ ಜಿಲ್ಲೆ ಅದಮಾರಿನ ಯು.ಆರ್. ರಾವ್, ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡಲ್ಲಿ. ಹುಡುಗನಿಗೆ ಇದನ್ನ ಹೇಳಿ, ಚಂದ್ರನಿಗಿಂತ ಇದು ಅವನಿಗೆ ಹತ್ತಿರ ಅನ್ಸಬಹುದು.

ಮೀನು ಎಲ್ಲಿದೆ ಅಂತ ಸ್ಯಾಟಲೈಟ್ ಹೇಳ್ತದೆ ಅಂತಾರೆ. ಫೋನಿಗೆ ಮೆಸೇಜೂ ಬರ್ತದೆ. ಒಂದೊಂದು ಸಲ ಹೇಳಿದ ಜಾಗಕ್ಕೆ ಹೋದ್ರೆ ಬಲೆ ತುಂಬ್ತದೆ, ಒಂದೊಂದು ಸಲ ಡೀಸೆಲ್ ಸುಟ್ಟದ್ದಷ್ಟೇ. ಇದು ನಿಜವಾ, ಅಂದಾಜಾ?
– ಬೋಟಿನ ತಾಂಡೇಲರು, ಬೈತ್‌ಖೋಲ, ಕಾರವಾರ

ಎರಡೂ, ತಾಂಡೇಲರೇ. ಸ್ಯಾಟಲೈಟಿಗೆ ಮೀನು ಕಾಣೋದೇ ಇಲ್ಲ, ಬಂಗಡೆನೂ ಕಾಣೋದಿಲ್ಲ ತಾರ್ಲೆನೂ ಕಾಣೋದಿಲ್ಲ. ಅದು ನೋಡೋದು ಎರಡು ವಿಷಯ, ನೀರಿನ ಮೇಲ್ಮೈ ಬಿಸಿ ಎಷ್ಟು, ನೀರಿನ ಬಣ್ಣ ಯಾವುದು. ತಳದ ತಣ್ಣನೆ ನೀರು ಮೇಲೆ ಬಂದಲ್ಲಿ ಅದರ ಜೊತೆ ಗೊಬ್ಬರದಂತ ಸತ್ವ ಬರ್ತದೆ, ಬಿಸಿಲಿಗೆ ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಸಸ್ಯ ಬೆಳೀತದೆ, ನೀರು ಸ್ವಲ್ಪ ಹಸಿರಾಗ್ತದೆ, ಅದನ್ನ ತಿನ್ನೋಕೆ ಸಣ್ಣ ಜೀವಿ, ಅದರ ಹಿಂದೆ ಸಣ್ಣ ಮೀನು, ಅದರ ಹಿಂದೆ ಇಸ್ವಾಣದಂತ ದೊಡ್ಡದು. ತಣ್ಣೀರು ಬಿಸಿನೀರು ಒಂದಕ್ಕೊಂದು ತಾಗೋ ಗಡಿಯಲ್ಲಿ ಮೀನು ಸೇರೋ ಸಾಧ್ಯತೆ ಜಾಸ್ತಿ. ನಿಮ್ಮ ಅಜ್ಜಂದಿರು ನೀರಿನ ಬಣ್ಣ, ಹಕ್ಕಿ ಮುಳುಗೋದು ನೋಡಿ ಹೇಳ್ತಿದ್ದದ್ದನ್ನೇ ಇದು ನೂರಾರು ಕಿಲೋಮೀಟರ್ ಅಗಲಕ್ಕೆ ಒಂದೇ ಸಲ ನೋಡ್ತದೆ, ಅಷ್ಟೇ.

ಈ ಬಣ್ಣ ನೋಡೋ ಕೆಲಸಕ್ಕೆ ಅಂತಲೇ ಇಸ್ರೋ 1999ರಲ್ಲಿ ಓಶನ್‌ಸ್ಯಾಟ್-1 ಬಿಟ್ಟಿತು, 2009ರಲ್ಲಿ ಎರಡನೇದು, 2022ರ ನವೆಂಬರಲ್ಲಿ ಮೂರನೇದು. ಮಾಹಿತಿ ಹೈದರಾಬಾದಿನ ಇನ್ಕಾಯಿಸ್ ಅನ್ನೋ ಸಂಸ್ಥೆಗೆ ಹೋಗ್ತದೆ, ಅವರು ಪ್ರತಿ ಬಂದರಿಗೆ ಬೇರೆ ಬೇರೆ ಲೆಕ್ಕ ಹಾಕಿ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ ಅಂತ ಕಳಿಸ್ತಾರೆ. ಬಲೆ ಖಾಲಿ ಬರೋದಕ್ಕೆ ಕಾರಣಗಳು ಇವೆ. ಮೋಡ ಇದ್ರೆ ಈ ಸ್ಯಾಟಲೈಟಿಗೆ ನೀರೇ ಕಾಣೋದಿಲ್ಲ. ಫೋಟೋ ತೆಗೆದು, ಲೆಕ್ಕ ಹಾಕಿ, ನಿಮಗೆ ತಲುಪೋ ಹೊತ್ತಿಗೆ ಆ ನೀರಿನ ಪಟ್ಟಿ ಪ್ರವಾಹಕ್ಕೆ ಸರಿದಿರ್ತದೆ, ಹಳೇ ಮೆಸೇಜು ನೋಡ್ಕೊಂಡು ಹೋದ್ರೆ ಇನ್ನೂ ಕಷ್ಟ. ಮತ್ತೆ ಅದೇ ಮೆಸೇಜು ಎಲ್ಲರಿಗೂ ಹೋಗಿರ್ತದೆ, ನಿಮಗಿಂತ ಮೊದ್ಲು ಹೋದವ ಎತ್ತಿಕೊಂಡು ಹೋಗಿರ್ತಾನೆ.

ಈ ಕೊನೇ ವಿಷಯದ ಬಗ್ಗೆ ನಂಗೆ ಸ್ವಲ್ಪ ಹೇಳ್ಬೇಕು, ನೀವು ಕೇಳದಿದ್ರೂ. ಮೀನು ಇರೋ ಜಾಗ ಬೇಗ ಸಿಕ್ಕಿದ್ರೆ ಡೀಸೆಲ್ ಉಳೀತದೆ, ಅಲೆದಾಟ ಕಮ್ಮಿ, ಅದು ಒಳ್ಳೇದು. ಆದ್ರೆ ಹೇಳಿದ ಜಾಗ 40-50 ಕಿಲೋಮೀಟರ್ ಆಚೆ ಇದ್ರೆ ಅಲ್ಲಿಗೆ ಹೋಗೋದು ಪರ್ಸೀನ್, ಟ್ರಾಲರಿನಂತ ದೊಡ್ಡ ಇಂಜಿನ್ ಬೋಟು, ನಾಡದೋಣಿಯವನಿಗೆ ಆ ಮೆಸೇಜು ಬಂದ್ರೂ ಒಂದೇ ಬರದಿದ್ರೂ ಒಂದೇ. ದಡದಲ್ಲಿ ನಿಂತು ರಂಪಣಿ ಬಲೆ ಎಳೆಯೋರಿಗಂತೂ ಮೀನೇ ದಡಕ್ಕೆ ಬರ್ಬೇಕು, ಅದು ಬರೋದಕ್ಕೂ ಮೊದ್ಲೇ ಹೊರಗೆ ಹಿಡಿದಾಗಿರ್ತದೆ. ದೀಪ ಹಾಕಿ ಮೀನು ಸೆಳೆದು ಹಿಡಿಯೋ ಲೈಟ್ ಫಿಶಿಂಗನ್ನ 2017ರ ನವೆಂಬರಲ್ಲೇ ಕೇಂದ್ರ ನಿಷೇಧ ಮಾಡಿದೆ, ನಿಂತಿದ್ಯಾ? ಅದು ನಿಮಗೇ ಗೊತ್ತು. ಸ್ಯಾಟಲೈಟ್ ಮೀನಿನ ಜಾಗ ತೋರಿಸ್ತದೆ, ಯಾರು ಎಷ್ಟು ಹಿಡೀಬೇಕು ಅನ್ನೋದು ಬಂದರಲ್ಲಿ ಕೂತು ತೀರ್ಮಾನ ಆಗ್ಬೇಕಾದ್ದು, ಆ ತೀರ್ಮಾನ ಆಗದೇ ಇದ್ರೆ ಒಳ್ಳೇ ಮಾಹಿತಿ ಕೊಟ್ಟಷ್ಟೂ ಸಮುದ್ರ ಬೇಗ ಖಾಲಿ ಆಗ್ತದೆ.

ನಮ್ಮನೆಯವರು ಡೀಪ್ ಸೀ ಬೋಟಲ್ಲಿ ಹೋಗ್ತಾರೆ, ಒಂದು ಸಲ ಹೋದ್ರೆ ವಾರದ ಮೇಲೆ. ಸುವರ್ಣ ತ್ರಿಭುಜ ಬೋಟು ಕಾಣೆ ಆದ ಮೇಲೆ ನಂಗೆ ರಾತ್ರಿ ನಿದ್ರೆ ಬರೋದಿಲ್ಲ. ಚಂದ್ರನಲ್ಲಿ ಓಡಾಡಿದ ರೋವರ್ ಗಾಡಿ ಜೊತೆ ಮಾತಾಡೋಕೆ ಆಯ್ತು, ಮಲ್ಪೆ ಹತ್ರದ ಬೋಟಿನ ಜೊತೆ ಯಾಕೆ ಆಗ್ಲಿಲ್ಲ?
– ಮೀನುಗಾರರ ಮನೆಯವರು, ಹೊನ್ನಾವರ

ಅಕ್ಕಾ, ಇಷ್ಟೂ ಪತ್ರದಲ್ಲಿ ನನ್ನನ್ನ ಸುಮ್ಮನೆ ಕೂರಿಸಿದ್ದು ನಿಮ್ಮ ಪ್ರಶ್ನೆ. ಗೊತ್ತಿಲ್ಲದ ಓದುಗರಿಗೆ ಹೇಳೋದಾದ್ರೆ, 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೊರಟ ಆ ಬೋಟು 7 ಜನರ ಸಮೇತ ಕಾಣೆ ಆಯ್ತು, ಅವರಲ್ಲಿ 5 ಜನ ನಮ್ಮ ಜಿಲ್ಲೆಯವರು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಆಚೆ ಸಮುದ್ರದ ತಳದಲ್ಲಿ, ನೌಕಾಪಡೆ ಹಡಗು ಹುಡುಕಿದ ಮೇಲೆ.

ಆಗ್ಲಿಲ್ಲ ಯಾಕಂದ್ರೆ ರೋವರಿನ ಜೊತೆ ಮಾತಾಡೋ ಯಂತ್ರ ಇತ್ತು, ಬೋಟಲ್ಲಿ ಅಂತಾದ್ದು ಇರ್ಲಿಲ್ಲ, ಇದಕ್ಕಿಂತ ನಯವಾಗಿ ಹೇಳೋದು ನಂಗೆ ಬರೋದಿಲ್ಲ. ಮೊಬೈಲ್ ನೆಟ್‌ವರ್ಕ್ ದಡದಿಂದ 10-12 ಕಿಲೋಮೀಟರಿಗೆ ಮುಗೀತದೆ. ಅದಕ್ಕೂ ಒಂದು ವರ್ಷ ಮೊದ್ಲು, 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಮೀನುಗಾರರು ದಿನಗಟ್ಟಲೆ ಮೊದ್ಲೇ ಆಳ ಸಮುದ್ರಕ್ಕೆ ಹೋಗಿಯಾಗಿತ್ತು, ಮೋಡದ ಸುರುಳಿ ಸ್ಯಾಟಲೈಟಿಗೆ ಕಾಣ್ತಿತ್ತು, ಅದರ ಕೆಳಗೆ ಇದ್ದವರಿಗೆ ಹೇಳೋಕೆ ದಾರಿ ಇರ್ಲಿಲ್ಲ.

ಆಮೇಲೆ ಆದ ಕೆಲಸ: 2019ರಲ್ಲಿ ಜೆಮಿನಿ ಅನ್ನೋ ಸಣ್ಣ ಡಬ್ಬ ಬಂತು, ಉಪಗ್ರಹದಿಂದ ಎಚ್ಚರಿಕೆ ತಗೊಂಡು ಬ್ಲೂಟೂತಲ್ಲಿ ಫೋನಿಗೆ ಕೊಡ್ತದೆ, ಆದ್ರೆ ಬೋಟಿಂದ ವಾಪಸ್ ಮಾತಾಡೋಕೆ ಆಗೋದಿಲ್ಲ. ಎರಡೂ ಕಡೆ ಮೆಸೇಜು ಹೋಗೋ ಟ್ರಾನ್ಸ್‌ಪಾಂಡರ್ ಇಸ್ರೋದವರು ಮಾಡಿದ್ದು, ಅಪಾಯ ಅಂದ್ರೆ ಬಟನ್ ಒತ್ತಿದ್ರೆ ಬೋಟಿನ ಜಾಗ ಸಮೇತ ದಡಕ್ಕೆ ಹೋಗ್ತದೆ. ದೇಶದ 1 ಲಕ್ಷ ಬೋಟಿಗೆ ಇದನ್ನ ಪುಕ್ಕಟೆ ಹಾಕಿಕೊಡೋ ಯೋಜನೆ 2024ರ ಆಗಸ್ಟಲ್ಲಿ ಶುರು ಆಯ್ತು. ನಿಮ್ಮನೆಯವರ ಬೋಟಿಗೆ ಹಾಕಿದಾರಾ ಅಂತ ಮಾಲೀಕರನ್ನ ಕೇಳಿ, ಇಲ್ಲ ಅಂದ್ರೆ ಮೀನುಗಾರಿಕೆ ಇಲಾಖೆ ಆಫೀಸಿಗೆ ಹೋಗಿ ಕೇಳಿ, ಮತ್ತೆ ಹಾಕಿದ್ದನ್ನ ಆಫ್ ಮಾಡಬಾರದು. ಎಲ್ಲಿ ಹಿಡಿತೀವಿ ಅಂತ ಬೇರೆಯವರಿಗೆ ಗೊತ್ತಾಗ್ತದೆ ಅಂತ ಆಫ್ ಮಾಡೋರಿದ್ರೆ ಅವರಿಗೆ ನೀವೇ ಬೈಯಬೇಕು. ಕೋಸ್ಟ್ ಗಾರ್ಡ್ ನಂಬರ್ 1554, ಗೋಡೆ ಮೇಲೆ ಬರೆದಿಡಿ.

ಬಾಹ್ಯಾಕಾಶದಿಂದ ಮನುಷ್ಯರಿಗೆ ಉಪಯೋಗ ಇದೆಯಾ ಅಂದ್ರೆ ನಾನು ತೋರಿಸೋದು ಇದನ್ನ, ಚಂದ್ರನ ಫೋಟೋನ ಅಲ್ಲ. 1999ರಲ್ಲಿ ಒಡಿಶಾ ಸೂಪರ್ ಸೈಕ್ಲೋನಿಗೆ ಹತ್ರ ಹತ್ರ 10,000 ಜನ ಸತ್ರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಲಕ್ಷಗಟ್ಟಲೆ ಜನರನ್ನ ಮೊದ್ಲೇ ಸ್ಥಳಾಂತರ ಮಾಡಿದ್ರು, ಸತ್ತವರು ಐವತ್ತರ ಒಳಗೆ. 1999ರಲ್ಲೂ ಸ್ಯಾಟಲೈಟ್ ಇತ್ತು. ಮಧ್ಯದ ಹದಿನಾಲ್ಕು ವರ್ಷದಲ್ಲಿ ಅವರು ಶೆಲ್ಟರ್ ಕಟ್ಟಿದ್ರು, ಊರೂರಲ್ಲಿ ಯಾರು ಯಾರ ಮನೆ ಬಾಗಿಲು ಬಡೀಬೇಕು ಅಂತ ತೀರ್ಮಾನ ಮಾಡಿಟ್ಟಿದ್ರು.

ನಮ್ಮ ತೋಟದ ಮೇಲಿನ ಜಾಗ ಅಜ್ಜನ ಕಾಲದಿಂದ ಸಾಗುವಳಿ. ಅರ್ಜಿ ಹಾಕಿದ್ರೆ, ಸ್ಯಾಟಲೈಟ್ ಫೋಟೋದಲ್ಲಿ ಅದು ಕಾಡೇ ಇತ್ತು ಹೇಳಿ ತಿರಸ್ಕಾರ ಮಾಡಿದ್ರು. ಆಕಾಶದಲ್ಲಿ ಇದ್ದವ ಸತ್ಯ ಹೇಳ್ತ, ಇಲ್ಲಿ ಹುಟ್ಟಿ ಬೆಳೆದವ ಸುಳ್ಳು ಹೇಳ್ತ ಅಂತಾಯ್ತು. ಇದೆಂತ ನ್ಯಾಯ?
– ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ತೋಟದವರೇ, ಬಾಹ್ಯಾಕಾಶ ವಿಜ್ಞಾನದಿಂದ ಎಲ್ಲರಿಗೂ ಒಳ್ಳೇದೇ ಆಗ್ತದೆ ಅನ್ನೋರು ನಿಮ್ಮ ಪತ್ರ ಓದ್ಬೇಕು. ಮೊದಲು ಕಾನೂನು: ಕಾಡಿನ ಜಾಗದಲ್ಲಿ ಮೊದ್ಲಿಂದ ಸಾಗುವಳಿ ಮಾಡಿದವರಿಗೆ ಹಕ್ಕು ಕೊಡೋ ಅರಣ್ಯ ಹಕ್ಕು ಕಾಯ್ದೆಯ ನಿಯಮಕ್ಕೆ 2012ರಲ್ಲಿ ತಿದ್ದುಪಡಿ ಆಗಿ ಸ್ಪಷ್ಟವಾಗಿ ಬರೆದಿದಾರೆ, ಉಪಗ್ರಹ ಚಿತ್ರ ಬೇರೆ ಸಾಕ್ಷಿಗೆ ಪೂರಕವಾಗಿ ಇರಬಹುದು, ಬೇರೆ ಸಾಕ್ಷಿಯ ಬದಲಿಗೆ ಅಲ್ಲ. ಫೋಟೋ ಒಂದನ್ನೇ ಹಿಡಿದು ತಿರಸ್ಕಾರ ಮಾಡಿದ್ರೆ ಮೇಲ್ಮನವಿ ಹಾಕೋದಕ್ಕೆ ಅದೇ ಕಾರಣ ಸಾಕು. ಇದೇ ಕಾಯ್ದೆಯಲ್ಲಿ ಸಾಗುವಳಿ 2005ರ ಡಿಸೆಂಬರ್ 13ಕ್ಕಿಂತ ಮೊದ್ಲಿಂದ ಇರಬೇಕು, ಬುಡಕಟ್ಟಿನವರಲ್ಲದವರಿಗೆ ಮೂರು ತಲೆಮಾರಿನ ಅಂದ್ರೆ 75 ವರ್ಷದ ವಾಸದ ಸಾಕ್ಷಿ ಬೇರೆ ಕೇಳ್ತಾರೆ. ಈ 75 ವರ್ಷದ ಸಾಕ್ಷಿ ಯಾವ ಸ್ಯಾಟಲೈಟಿನ ಹತ್ರವೂ ಇಲ್ಲ, ಮೇಲಿಂದ ನೆಲದ ಚಿತ್ರ ತೆಗೆಯೋ ಭಾರತದ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹೋಗಿದ್ದೇ 1988ರಲ್ಲಿ.

ಅದರ ಫೋಟೋ ಹೆಂಗಿತ್ತು ಗೊತ್ತಾ? ಒಂದು ಕ್ಯಾಮೆರಾದಲ್ಲಿ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 72 ಮೀಟರ್ ಚಚ್ಚೌಕ, ಅಂದ್ರೆ ಒಂದೂಕಾಲು ಎಕರೆಗಿಂತ ಜಾಸ್ತಿ. ಇನ್ನೊಂದ್ರಲ್ಲಿ 36 ಮೀಟರ್, ಹತ್ರ ಹತ್ರ 13 ಗುಂಟೆ. ನಿಮ್ಮ ಅರ್ಧ ಎಕರೆ ತೋಟ, ಸುತ್ತ ಸೊಪ್ಪಿನ ಬೆಟ್ಟ, ಮಧ್ಯೆ ಹಲಸು ಮಾವು ನೆರಳು, ಅದೆಲ್ಲ ಸೇರಿ ಆ ಚುಕ್ಕಿಯಲ್ಲಿ ಹಸಿರು ಅಂತ ಬರ್ತದೆ, ಅಷ್ಟೇ. ಮೇಲಿಂದ ನೋಡಿದ್ರೆ ಅಡಿಕೆ ತೋಟವೂ ಹಸಿರೇ ಕಾಡೂ ಹಸಿರೇ. 2005ರ ಮೇ ತಿಂಗಳಲ್ಲಿ ಹೋದ ಕಾರ್ಟೋಸ್ಯಾಟ್-1ರಲ್ಲಿ ಎರಡೂವರೆ ಮೀಟರಿನ ವಿವರ ಕಾಣ್ತದೆ, ಅಂತಾ ಚಿತ್ರ ಇದ್ರೆ ಮಾತು ಬೇರೆ. ಹಂಗಾಗಿ ನೀವು ಕೇಳಬೇಕಾದ್ದು: ಯಾವ ಉಪಗ್ರಹ, ಯಾವ ತಾರೀಕು, ಒಂದು ಚುಕ್ಕಿಗೆ ಎಷ್ಟು ಮೀಟರ್, ಯಾರು ಸ್ಥಳಕ್ಕೆ ಬಂದು ತಾಳೆ ನೋಡಿದ್ರು. ಈ ನಾಲ್ಕನ್ನೂ ಮಾಹಿತಿ ಹಕ್ಕಲ್ಲಿ ಬರವಣಿಗೆಯಲ್ಲಿ ಕೇಳಿ. ಚಿತ್ರ ನಿಮ್ಮ ಪರವಾಗೂ ಸಾಕ್ಷಿ ಹೇಳಬಹುದು, ಹಳೇ ತೋಟದ ಗೆರೆ ಒಳ್ಳೇ ಚಿತ್ರದಲ್ಲಿ ಚೆನ್ನಾಗೇ ಕಾಣ್ತದೆ.

ಶಿರೂರು ಗುಡ್ಡ ಕುಸಿಯೋದು ಸ್ಯಾಟಲೈಟಿಗೆ ಮೊದ್ಲೇ ಗೊತ್ತಾಗ್ತಿರ್ಲಿಲ್ವಾ?
– ಅಂಕೋಲಾದ ಓದುಗರು

ಗುಡ್ಡ ಕುಸಿದ 2024ರ ಜುಲೈ 16ಕ್ಕೆ ಇದ್ದ ವ್ಯವಸ್ಥೆಯಲ್ಲಿ ಕಷ್ಟ. ಮಾಮೂಲಿ ಕ್ಯಾಮೆರಾದ ಉಪಗ್ರಹಕ್ಕೆ ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆ ಅಂದ್ರೆ ಬರೀ ಮೋಡ. ಮೋಡದ ಒಳಗಿಂದ ನೋಡೋದು ರಡಾರ್. ಇಸ್ರೋ ಮತ್ತೆ ನಾಸಾ ಸೇರಿ 2025ರ ಜುಲೈ 30ಕ್ಕೆ ಬಿಟ್ಟ ನಿಸಾರ್ ಉಪಗ್ರಹ ಅಂತಾದ್ದು, 12 ಮೀಟರ್ ಅಗಲದ ಆಂಟೆನಾ, 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಸರಿದಿದ್ರೂ ಹಿಡಿಯೋದು ಅದರ ಕೆಲಸ. ಅದರ ಒಂದು ರಡಾರ್ ಅಲೆ ಉದ್ದ ಇರೋದ್ರಿಂದ ಎಲೆ ದಾಟಿ ನೆಲದ ತನಕ ಹೋಗ್ತದೆ, ನಮ್ಮ ಘಟ್ಟಕ್ಕೆ ಬೇಕಾದ್ದು ಅದೇ. ನಿಧಾನಕ್ಕೆ ಜಾರ್ತಾ ಇರೋ ಗುಡ್ಡ ಇದ್ರೆ ಗೊತ್ತಾಗಬಹುದು, ಆದ್ರೆ ಒಂದೇ ರಾತ್ರಿ ಮಳೆಗೆ ಒಮ್ಮೆಲೇ ಬೀಳೋದನ್ನ 12 ದಿನಕ್ಕೊಮ್ಮೆ ಬರೋದು ಹಿಡಿಯೋಕೆ ಆಗೋದಿಲ್ಲ. ಇನ್ನು ಹೆದ್ದಾರಿಗೋಸ್ಕರ ಗುಡ್ಡದ ಬುಡ ನೆಟ್ಟಗೆ ಕಡಿದದ್ದು ಕಾಣೋಕೆ ಉಪಗ್ರಹ ಬೇಡ, ಗೋಕರ್ಣ ಬಸ್ಸಿನ ಕಿಟಕಿಯಲ್ಲೇ ಕಾಣ್ತದೆ.

ಜೋಯಿಡಾ ಹತ್ರ ನಮ್ಮೂರಲ್ಲಿ ನೆಟ್‌ವರ್ಕೇ ಇಲ್ಲ. ಕೋವಿಡ್ ಟೈಮಲ್ಲಿ ಗುಡ್ಡ ಹತ್ತಿ ಕ್ಲಾಸ್ ಕೇಳಿದ್ದೆ. ಈಗ ಸ್ಯಾಟಲೈಟ್ ಇಂಟರ್ನೆಟ್ ಬರ್ತದೆ ಅಂತಾರೆ. ನಮ್ಮ ಸಮಸ್ಯೆ ಮುಗೀತದಾ?
– ಪದವಿ ವಿದ್ಯಾರ್ಥಿನಿ, ಜೋಯಿಡಾ ತಾಲೂಕು

ತಂಗಿ, ತಂತ್ರಜ್ಞಾನದ ಮಟ್ಟಿಗೆ ಆಗ್ತದೆ. ಹಳೇ ತರದ ಉಪಗ್ರಹ 36,000 ಕಿಲೋಮೀಟರ್ ಮೇಲೆ ಇರ್ತದೆ, ಸಿಗ್ನಲ್ ಹೋಗಿ ಬರೋದಕ್ಕೇ ಅರ್ಧ ಸೆಕೆಂಡ್ ಹಿಡೀತದೆ. ಅಮೆರಿಕದ ಕಂಪನಿ ಸ್ಟಾರ್‌ಲಿಂಕಿನವು ಸುಮಾರು 550 ಕಿಲೋಮೀಟರಲ್ಲಿ ಸಾವಿರಗಟ್ಟಲೆ ಹಾರ್ತಿರೋದ್ರಿಂದ ಆ ತಡ ಇಲ್ಲ. 2025ರ ಜೂನಲ್ಲಿ ಅವರಿಗೆ ದೂರಸಂಪರ್ಕ ಇಲಾಖೆ ಲೈಸೆನ್ಸೂ ಕೊಟ್ಟಿದೆ. ಆದ್ರೆ ಡಿಶ್ಶಿಗೆ ಆಕಾಶ ಅಗಲವಾಗಿ ಕಾಣ್ಬೇಕು, ನಿಮ್ಮಲ್ಲಿ ಮನೆ ಮೇಲೆ ಮರ. ಕರೆಂಟ್ ಬೇಕು. ತಿಂಗಳ ದುಡ್ಡು ಯಾರು ಕೊಡ್ತಾರೆ ಅನ್ನೋದು ಎಲ್ಲಕ್ಕಿಂತ ಮುಖ್ಯ, ಮನೆ ಮನೆಗೆ ಅನ್ನೋದಕ್ಕಿಂತ ಶಾಲೆಗೋ ಪಂಚಾಯ್ತಿಗೋ ಒಂದು ಹಾಕಿಸಿ ಅಂತ ಕೇಳೋದು ವಾಸಿ. ಇಸ್ರೋ 2004ರಲ್ಲೇ ಶಿಕ್ಷಣಕ್ಕೆ ಅಂತಲೇ ಎಜುಸ್ಯಾಟ್ ಬಿಟ್ಟಿತ್ತು, ಉಪಗ್ರಹ ಚೆನ್ನಾಗೇ ಇತ್ತು, ಕೆಳಗೆ ಅದನ್ನ ನಡೆಸೋಕೆ ಸರಿಯಾದ ಏರ್ಪಾಡೇ ಇರ್ಲಿಲ್ಲ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ವರದಿಯಲ್ಲೇ ಬಂತು. ಹಾಗಾಗಿ ಡಿಶ್ ಬಂದ ಮೇಲೆ ರಿಪೇರಿ ಯಾರದ್ದು ಅಂತ ಮೊದ್ಲೇ ಬರೆಸಿಕೊಳ್ಳಿ.

ಭೂಮಿ ಹಾಳಾದ್ರೆ ಮಂಗಳಕ್ಕೆ ಹೋಗಬಹುದಲ್ಲ? ಕ್ಷುದ್ರಗ್ರಹದಲ್ಲಿ ಚಿನ್ನ ಇದೆ ಅಂತೆ, ತಂದ್ರೆ ಬಡತನ ಹೋಗೋದಿಲ್ವಾ?
– 9ನೇ ತರಗತಿ, ಕಾರವಾರ

ಮಂಗಳದಲ್ಲಿ ಗಾಳಿಯ ಒತ್ತಡ ಇಲ್ಲಿಯದ್ದರ ನೂರಕ್ಕೆ ಒಂದು ಭಾಗವೂ ಇಲ್ಲ, ಇರೋ ಗಾಳಿಯಲ್ಲಿ ನೂರಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡ್, ಮಣ್ಣಲ್ಲಿ ವಿಷದ ಉಪ್ಪು, ಸರಾಸರಿ ಚಳಿ ಮೈನಸ್ 60 ಡಿಗ್ರಿ. ಭೂಮಿ ಎಷ್ಟು ಹಾಳಾದ್ರೂ ಅದಕ್ಕಿಂತ ಚೆನ್ನಾಗಿರ್ತದೆ ಮಾರಾಯಾ. ಚಿನ್ನದ ಲೆಕ್ಕ ನೀನೇ ಮಾಡು: ಬೆನ್ನು ಅನ್ನೋ ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ ತಂದ ಕಲ್ಲು ಮಣ್ಣು ಒಟ್ಟೂ 121.6 ಗ್ರಾಂ, ಖರ್ಚು ನೂರು ಕೋಟಿ ಡಾಲರಿಗಿಂತ ಹೆಚ್ಚು. ಗ್ರಾಂಗೆ 65 ಕೋಟಿ ರೂಪಾಯಿಗೂ ಮೇಲೆ ಬಿತ್ತು. ಆದ್ರೆ ಕ್ಷುದ್ರಗ್ರಹದ ಹತ್ರ ಹೋಗೋದು ದಂಡ ಅಲ್ಲ. 2022ರ ಸೆಪ್ಟೆಂಬರ್ 26ಕ್ಕೆ ಡಾರ್ಟ್ ಅನ್ನೋ ನೌಕೆನ ಡೈಮಾರ್ಫಸ್ ಅನ್ನೋ ಸಣ್ಣ ಕಲ್ಲಿಗೆ ಬೇಕಂತಲೇ ಗುದ್ದಿಸಿ ಅದು ತನ್ನ ಜೊತೆಗಿರೋ ದೊಡ್ಡ ಕಲ್ಲನ್ನ ಸುತ್ತೋ ಹೊತ್ತು 11 ಗಂಟೆ 55 ನಿಮಿಷ ಇದ್ದದ್ದನ್ನ ಅರ್ಧ ಗಂಟೆಗಿಂತ ಜಾಸ್ತಿ ಇಳಿಸಿದ್ರು. ಮುಂದೆ ಎಂದಾದ್ರೂ ಒಂದು ಕಲ್ಲು ನಮ್ಮ ಕಡೆಗೇ ಬಂದ್ರೆ ಅದನ್ನ ಪಕ್ಕಕ್ಕೆ ತಳ್ಳೋದು ಹೆಂಗೆ ಅಂತ ಇದ್ರಿಂದ ಗೊತ್ತಾಯ್ತು, ಇಂತಾ ಕೆಲಸ ನೆಲದ ಮೇಲೆ ಕೂತು ಕಲಿಯೋಕೆ ಆಗ್ತಿರ್ಲಿಲ್ಲ.

(ಅರಣ್ಯ ಅತಿಕ್ರಮಣದ ಅರ್ಜಿ, ಸರ್ವೆ ನಂಬರ್ ಬಗ್ಗೆ ಬಂದ ಪತ್ರಗಳು ಇನ್ನೂ ಸುಮಾರಿವೆ. ಅವನ್ನ ಮುಂದಿನ ಸಂಚಿಕೆಯಲ್ಲಿ ಒಬ್ಬ ವಕೀಲರಿಂದ ಉತ್ತರ ಬರೆಸ್ತೀವಿ. ತಿರಸ್ಕಾರದ ಪತ್ರದ ಜೆರಾಕ್ಸ್ ಜೊತೆಗಿಟ್ಟು ಕಳಿಸಿ, ಒರಿಜಿನಲ್ ಕಳಿಸಬೇಡಿ.)